ಕಟ್ಟದ ಗಡಿಯಾರದ ಬೆಲೆ

ವಸ್ತುವಿಗೆ ಬೆಲೆಯು ಎಲ್ಲಿಂದ ಬರುವದೆಂಬ ಪ್ರಶ್ನವು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದೆಂದು ತಿಳಿಯುವ ವಾಡಿಕೆಯುಂಟು. ಆದರೆ ಹಿರಿಯರು ತೀರಿಕೊಂಡ ಮನೆಯಲ್ಲಿ ಹಳೆಯ ಟ್ರಂಕನ್ನು ತೆರೆದು ಮಕ್ಕಳು ಪಾಲಿಗೆ ಕುಳಿತಾಗ ಅದೇ ಪ್ರಶ್ನವು ನೀತಿಯ ಪ್ರಶ್ನವಾಗಿ ಎದುರು ನಿಲ್ಲುವದು. ಹೊಲಕ್ಕೆ ಸರಕಾರದ ದರವುಂಟು, ಬಂಗಾರಕ್ಕೆ ಪೇಟೆಯ ದರವುಂಟು, ಪಾತ್ರೆ-ಪಡಗಗಳನ್ನು ತೂಗಿ ಹಂಚಬಹುದು. ತಂದೆಯ ಕೈಗಡಿಯಾರವು ಮಾತ್ರ ತೂಕಕ್ಕೂ ನಿಲ್ಲದು, ತುಂಡಿಗೂ ಒಗ್ಗದು. ಅದು ಓಡದೆ ನಿಂತು ಎಷ್ಟೋ ವರುಷಗಳಾಗಿರಬಹುದು. ಅದನ್ನು ಕೊಳ್ಳುವೆನೆಂದು ಹಳೆಯ ಗಡಿಯಾರಗಳ ಸಂಗ್ರಾಹಕನೊಬ್ಬನು ಹೇಳಿಕಳಿಸಿ, ಮನೆಯವರು ಎಣಿಸಿಯೂ ಇರದ ಮೊತ್ತವನ್ನು ಹೆಸರಿಸಿದನೆಂದರೆ, ಆ ಮೊತ್ತವು ಯಾವದರ ಸಲುವಾಗಿ ಎಂಬದನ್ನು ವಿಚಾರಿಸಬೇಕಾಗುವದು. ಅದು ಲೋಹದ ಬೆಲೆಯಲ್ಲ. ವೇಳೆಯನ್ನು ತಿಳಿಯುವ ಅನುಕೂಲದ ಬೆಲೆಯೂ ಅಲ್ಲ, ಆ ಅನುಕೂಲವು ಕಿಸೆಯೊಳಗಿನ ಮೊಬೈಲಿನಲ್ಲಿಯೇ ಎಲ್ಲರಿಗೂ ಇರುವದು. ತಂದೆಯ ನೆನಪಿನ ಬೆಲೆಯಂತೂ ಅಲ್ಲವೇ ಅಲ್ಲ. ಸಂಗ್ರಾಹಕನು ಆ ತಂದೆಯನ್ನು ಕಂಡವನೇ ಅಲ್ಲ.

ಇಂಥ ಸಂಗ್ರಾಹಕರು ವಿಶೇಷ ಆದರದಿಂದ ಅರಸುವ ಒಂದು ಜಾತಿಯ ಗಡಿಯಾರಕ್ಕೆ ಡ್ರೆಸ್ ವಾಚ್ ಎಂದು ಹೆಸರು. ಸಭೆ-ಸಮಾರಂಭಗಳ ಉಡುಪಿನೊಡನೆ ಧರಿಸಲು ಮಾಡಿದ್ದು. ಅಂಗಿಯ ತೋಳಿನ ಕೆಳಗೆ ಅಡಗುವಷ್ಟು ತೆಳುವು, ಚರ್ಮದ ಪಟ್ಟಿ, ಬಿಳಿಯ ಮುಖ, ಎರಡೇ ಮುಳ್ಳು, ಬಹಳವಾದರೆ ಮೂರು. ತಾನಾಗಿಯೇ ಚಾವಿ ತುಂಬಿಕೊಳ್ಳುವ ಯಂತ್ರವನ್ನು ಕೂಡಿಸಿದರೆ ಮೈ ದಪ್ಪಗಾಗುವದೆಂದು ದಿನಕ್ಕೊಮ್ಮೆ ಕೈಯಿಂದಲೇ ಚಾವಿ ಕೊಡುವ ಏರ್ಪಾಡು. ಜಿನೀವಾ ನಗರದ ಪಾಟೆಕ್ ಫಿಲಿಪ್ ಕಂಪನಿಯವರು 1932ರಲ್ಲಿ ಹೊರಡಿಸಿದ ಕಲಾತ್ರಾವಾ ಎಂಬ ಗಡಿಯಾರವನ್ನು ಈ ಜಾತಿಗೆ ಮೇಲ್ಪಂಕ್ತಿಯೆಂದು ಹೇಳುವರು. ಅದರಲ್ಲಿ ಅಲಂಕಾರವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆ ಇಲ್ಲದಿರುವಿಕೆಗೇ ಹಣ. ಬಡವನ ಮನೆಯ ಸರಳತೆಗೆ ಯಾರೂ ಬೆಲೆ ಕಟ್ಟರು, ಸಿರಿವಂತನು ಆರಿಸಿಕೊಂಡ ಸರಳತೆಗೆ ಮಾತ್ರ ಕಟ್ಟುವರೆಂಬ ಲೋಕದ ವಿಚಿತ್ರವು ಇಲ್ಲಿ ಸ್ಪಷ್ಟವಾಗಿ ಕಾಣುವದು.

ಹುಬ್ಬಳ್ಳಿ-ಧಾರವಾಡದ ಸಾಧಾರಣ ಮನೆಗಳಿಗೆ ಜಿನೀವಾದ ಆ ಚಿನ್ನದ ಗಡಿಯಾರವು ಬರುವ ಸಂಭವವಿರಲಿಲ್ಲ. ಸ್ವಿಸ್ ಗಡಿಯಾರಗಳು ಬರುತ್ತಿದ್ದದ್ದು ಮುಂಬಯಿಯ ಮಾರ್ಗವಾಗಿ. ಫಾವ್ರ್-ಲ್ಯೂಬಾ ಕಂಪನಿಯು ಮುಂಬಯಿಯಲ್ಲಿ 1865ರಲ್ಲಿಯೇ ವ್ಯಾಪಾರ ಹೂಡಿತ್ತು. ವೆಸ್ಟ್ ಎಂಡ್ ಕಂಪನಿಯ ಗಡಿಯಾರಗಳಿಗೂ ದೇಶದಲ್ಲಿ ಒಳ್ಳೆಯ ಹೆಸರಿತ್ತು. ಹುಬ್ಬಳ್ಳಿಗೆ ರೇಲ್ವೆಯೂ ಅದರ ಕಾರಖಾನೆಯೂ ಬಂದ ಮೇಲೆ ನಿಮಿಷವೆಂಬದು ಇಲ್ಲಿನ ಜನರ ಮಾತಿನಲ್ಲಿ ಸೇರಿತು. ಆದರೆ ಶಾಲಾಮಾಸ್ತರರ, ಗುಮಾಸ್ತರ, ಸಣ್ಣ ವ್ಯಾಪಾರಿಗಳ ಮನೆಗೆ ಕೈಗಡಿಯಾರವು ನಿಶ್ಚಯವಾಗಿ ಬಂದದ್ದು ಬೆಂಗಳೂರಿನ ಎಚ್.ಎಂ.ಟಿ. ಕಾರಖಾನೆಯಿಂದ. ಜಪಾನದ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಅಲ್ಲಿ ಗಡಿಯಾರದ ಕೆಲಸ ಆರಂಭವಾಯಿತು. ಜನತಾ, ಪೈಲಟ್, ಕೊಹಿನೂರ, ಕಾಂಚನ, ಸೋನಾ ಎಂದು ಒಂದೊಂದಕ್ಕೆ ಒಂದೊಂದು ಹೆಸರು. ಇವುಗಳಲ್ಲಿ ಸೋನಾ ಎಂಬದು ನಮ್ಮ ನಾಡಿನ ಡ್ರೆಸ್ ವಾಚ್ ಎನ್ನಬಹುದು: ತೆಳ್ಳನೆಯದು, ಕೈಯಿಂದ ಚಾವಿ ಕೊಡುವಂಥದು, ಒಳಗೆ ಹದಿನೇಳು ಮಾಣಿಕ್ಯದ ಹರಳುಗಳು. ಹೆಸರು ಸೋನಾ ಎಂದಿದ್ದರೂ ಮೈಗೆ ಬಂಗಾರದ ಲೇಪವಷ್ಟೇ. ಹರಳುಗಳೂ ಗಣಿಯಲ್ಲಿ ಹುಟ್ಟಿದವಲ್ಲ, ಕುಲುಮೆಯಲ್ಲಿ ಹುಟ್ಟಿದವು. ಈ ಗುಟ್ಟು ತಿಳಿದಿದ್ದರೂ ಅಂದಿನವರ ಆದರವು ಕಡಿಮೆಯಾಗಲಿಲ್ಲ.

ಆ ಆದರಕ್ಕೆ ಕಾರಣವು ಮದುವೆ. ವರನಿಗೆ ಉಂಗುರ, ಸೂಟು, ಸೈಕಲ್ಲುಗಳೊಡನೆ ಕೈಗಡಿಯಾರವನ್ನು ಕೊಡುವ ಪದ್ಧತಿಯು ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ನಿಯಮದಂತೆಯೇ ಬೇರೂರಿತ್ತು. ಮದುವೆಗೂ ಗಡಿಯಾರಕ್ಕೂ ಇರುವ ನಂಟು ಹೊಸದೇನೂ ಅಲ್ಲ. ಹಿಂದೆ ಮುಹೂರ್ತವನ್ನು ಗೊತ್ತುಮಾಡಲು ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಟಿಕೆ, ಅಂದರೆ 24 ನಿಮಿಷ. ಅಹೋರಾತ್ರಿಗೆ ಅಂಥವು ಅರವತ್ತು. ಗಡಿಯಾರವೆಂಬ ಮಾತಿನ ಹುಟ್ಟೂ ಆ ಘಟಿಕೆಯೇ. ಲಗ್ನದ ದಿನ ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ, ಮರುದಿನ ಅದು ತಿರುಗಿ ಅಡಿಗೆಮನೆಯ ಗೂಡಿಗೆ. ಅದನ್ನು ಯಾರೂ ವರನ ಕೈಗೆ ಕಟ್ಟಲಿಲ್ಲ, ಅದಕ್ಕಾಗಿ ಯಾವ ಹೆಣ್ಣಿನ ತಂದೆಯೂ ಸಾಲ ಮಾಡಲಿಲ್ಲ. ಬೆಂಗಳೂರಿನ ಗಡಿಯಾರಕ್ಕಾಗಿ ಮಾಡಿದರು. ಬೇಡಿಕೆಯು ಪೂರೈಕೆಯನ್ನು ಮೀರಿದ್ದ ದಿನಗಳಲ್ಲಿ ಕಾಂಚನದಂಥವುಗಳಿಗೆ ಗೊತ್ತಾದ ದರದ ಮೇಲೆ ಹೆಚ್ಚಿನ ಹಣವನ್ನು ಗುಟ್ಟಾಗಿ ತೆತ್ತವರುಂಟು; ಗಡಿಯಾರವು ಕೈಸೇರದೆ ಬೀಗರ ಮುಂದೆ ತಲೆತಗ್ಗಿಸಿ ನಿಂತವರೂ ಉಂಟು.

ಧಾರವಾಡದ ಮಾಳಮಡ್ಡಿಯಲ್ಲಿಯೋ ಹಳೆಯ ಹುಬ್ಬಳ್ಳಿಯಲ್ಲಿಯೋ ಇಂಥ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಅಳಿಯನಿಗೆ ಬಂದ ಗಡಿಯಾರವು ಮದುವೆಯ ನಾಲ್ಕು ದಿನ ಅವನ ಮುಂಗೈಯ ಮೇಲೆ ಹೊಳೆಯಿತು. ಆ ಬಳಿಕ ಅವನು ಅದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಧೋತರದಲ್ಲಿ ಸುತ್ತಿ ಟ್ರಂಕಿನೊಳಗೆ ಇರಿಸಿದನು. ಶಾಲೆಗೆ ಹೋಗುವಾಗ ಕಟ್ಟಿಕೊಳ್ಳಲು ಹಳೆಯ ಜನತಾ ಇತ್ತು. ಒಳ್ಳೆಯದು ಗೀಚಿಹೋದೀತು, ಬೆವರಿಗೆ ಲೇಪವು ಮಾಸೀತು, ಬಸ್ಸಿನಲ್ಲಿ ಯಾರಾದರೂ ಎಗರಿಸಿಯಾರು. ದೀಪಾವಳಿಗೆ ಒಮ್ಮೆ, ನೆಂಟರ ಮದುವೆಗೆ ಒಮ್ಮೆ ಅದು ಹೊರಗೆ ಬರುತ್ತಿತ್ತು. ಅವನ ನಿವೃತ್ತಿಯ ಹೊತ್ತಿಗೆ ಅದೂ ನಿಂತುಹೋಯಿತು. ಹೀಗೆ ಐವತ್ತು ವರುಷ ಭಯಭಕ್ತಿಗಳಿಂದ ಕಾದಿಟ್ಟ ಆ ಗಡಿಯಾರಕ್ಕೆ ಈಗ ಸಂಗ್ರಾಹಕನು ಹೆಚ್ಚಿನ ಬೆಲೆಯನ್ನು ಹೇಳುವನು. ಹೆಚ್ಚೇಕೆಂದರೆ ಅದು ಕಟ್ಟದ ಗಡಿಯಾರ. ಪಕ್ಕದಲ್ಲಿಯೇ ಇರುವ ಜನತಾದ ಗಾಜು ಮಬ್ಬಾಗಿದೆ, ಹಿಂಬದಿಯು ಮುಂಗೈಗೆ ಒರಸಿ ನುಣುಪಾಗಿದೆ, ಒಂದು ಅಂಚಿನಲ್ಲಿ ಕರಿಹಲಗೆಗೆ ತಾಗಿದ ಗಾಯವಿದೆ. ಸಾವಿರಾರು ಮುಂಜಾವುಗಳಲ್ಲಿ ಒಬ್ಬ ಮಾಸ್ತರನನ್ನು ಹೊತ್ತಿಗೆ ಸರಿಯಾಗಿ ಶಾಲೆಯ ಬಾಗಿಲಿಗೆ ಮುಟ್ಟಿಸಿದ ಆ ವಸ್ತುವಿನ ಕಡೆಗೆ ಅವನು ಕಣ್ಣೆತ್ತಿಯೂ ನೋಡನು.

ಇಲ್ಲಿಯೇ ವಿಚಾರವು ತೊಡಕಾಗುವದು. ಸಂಗ್ರಾಹಕನ ಪರವಾಗಿ ಹೇಳುವವರು, ಅವನು ವಿರಳವಾದದ್ದಕ್ಕೆ ಬೆಲೆ ಕೊಡುತ್ತಾನೆ, ವಿರಳವಾದದ್ದನ್ನು ಆದರಿಸುವದು ಮನುಷ್ಯ ಸ್ವಭಾವ, ಎನ್ನುವರು. ಆದರೆ ವಿರಳತೆಯೆಂಬದು ವಸ್ತುವಿನ ಗುಣವೇ ಅಲ್ಲ. ಕೆಂಪು ಹೂವಿನಲ್ಲಿ ಕೆಂಪು ಇದ್ದ ಹಾಗೆ ವಿರಳವಾದ ಗಡಿಯಾರದಲ್ಲಿ ವಿರಳತೆಯು ಇರುವದಿಲ್ಲ. ಅದು ಇರುವದು ಉಳಿದವುಗಳ ಅಭಾವದಲ್ಲಿ. ಪಾಟೆಕ್ ಫಿಲಿಪ್ ಕಂಪನಿಯ 1518 ಎಂಬ ಸಂಖ್ಯೆಯ ಗಡಿಯಾರವನ್ನು 1941ರಿಂದ ಕೆಲವು ವರುಷ ಮಾಡಿದರು, ಬಹುತೇಕ ಎಲ್ಲವನ್ನೂ ಚಿನ್ನದಲ್ಲಿ. ಉಕ್ಕಿನಲ್ಲಿ ಮಾಡಿದವು ಬಲ್ಲವರ ಎಣಿಕೆಯಲ್ಲಿ ನಾಲ್ಕೇ ನಾಲ್ಕು. 2016ರ ನವಂಬರಿನಲ್ಲಿ ಆ ಉಕ್ಕಿನ ಗಡಿಯಾರಗಳಲ್ಲಿ ಒಂದು ಜಿನೀವಾದ ಲಿಲಾವಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಹೋಯಿತು. ಒಳಗಿನ ಯಂತ್ರವು ಅದೇ, ರೂಪವು ಅದೇ, ಚಿನ್ನದ ಸೋದರನು ಅದಕ್ಕಿಂತ ಎಷ್ಟೋ ಅಗ್ಗ. ಉಕ್ಕು ಚಿನ್ನವನ್ನು ಮೀರಿಸಿದ್ದು ತನ್ನ ಗುಣದಿಂದಲ್ಲ, ತನ್ನಂಥ ಬೇರೆಯವು ಇಲ್ಲದ್ದರಿಂದ.

ಅಷ್ಟು ದೂರ ಹೋಗುವದೂ ಬೇಕಿಲ್ಲ. ಕ್ವಾರ್ಟ್ಜ್ ಗಡಿಯಾರಗಳು ಬಂದು, 1987ರಿಂದ ಹೊಸೂರಿನ ಟೈಟನ್ ಕಾರಖಾನೆಯ ಮಾಲು ಪೇಟೆಯನ್ನು ತುಂಬಿದ ಮೇಲೆ ಎಚ್.ಎಂ.ಟಿ.ಯ ಚಾವಿಯ ಗಡಿಯಾರಗಳನ್ನು ಕೇಳುವವರು ಕಡಿಮೆಯಾದರು. ಅಂಗಡಿಯ ಕಪಾಟಿನಲ್ಲಿ ಅವು ಧೂಳು ತಿನ್ನುತ್ತ ಕುಳಿತವು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚುವ ನಿರ್ಣಯಕ್ಕೆ ಕೇಂದ್ರ ಸಂಪುಟವು ಒಪ್ಪಿಗೆಯಿತ್ತಿತು. ಮುಚ್ಚುವ ಸುದ್ದಿ ಹಬ್ಬಿದಂತೆ ಅದೇ ಧೂಳಿನ ಗಡಿಯಾರಗಳನ್ನು ಜನರು ಹುಡುಕಿಕೊಂಡು ಬಂದರು. ಗಡಿಯಾರದಲ್ಲಿ ಒಂದು ಹಲ್ಲು, ಒಂದು ತಿರುಪು ಬದಲಾಗಿರಲಿಲ್ಲ. ಬದಲಾದದ್ದು ಒಂದೇ, ನೂರಾರು ಕೆಲಸಗಾರರ ಮನೆಯ ಅನ್ನ. ಆ ನಷ್ಟವೇ ವಸ್ತುವಿನ ಶೋಭೆಯಾಗಿ ಪರಿಣಮಿಸಿತು. ಇನ್ನೊಬ್ಬರಲ್ಲಿ ಇಲ್ಲವೆಂಬ ಸಂಗತಿಯಿಂದ ಹುಟ್ಟುವ ಸಂತೋಷವು ಪೂರ್ಣವಾಗಿ ನಿರ್ದೋಷವಾದದ್ದೆಂದು ಹೇಳಲಾಗದು. ಒಳ್ಳೆಯ ಹಾಡನ್ನು ಹತ್ತು ಜನ ಕೇಳಿದರೆ ಸಂತೋಷವು ಹೆಚ್ಚುವದು, ಈ ಸಂತೋಷವಾದರೋ ಹತ್ತು ಜನರಿಗೆ ದೊರೆತೊಡನೆ ಕರಗಿಹೋಗುವದು.

ಇಷ್ಟು ಹೇಳಿ ಸಂಗ್ರಾಹಕನನ್ನು ಲೋಭಿಯೆಂದು ಜರಿದು ಕೈತೊಳೆದುಕೊಳ್ಳುವದು ಸುಲಭ. ಆದರೆ ನ್ಯಾಯವಲ್ಲ. 1979-80ರ ಸುಮಾರಿಗೆ ಬಂಗಾರದ ದರವು ಒಮ್ಮೆಲೆ ಏರಿದಾಗ ಜಗತ್ತಿನಲ್ಲೆಲ್ಲ ಎಷ್ಟೋ ಚಿನ್ನದ ಗಡಿಯಾರಗಳನ್ನು ಒಡೆದು, ಯಂತ್ರವನ್ನು ಎಸೆದು, ಮೈಯನ್ನು ಮೂಸೆಗೆ ಹಾಕಿದರು. ನಮ್ಮ ಸರಾಫಕಟ್ಟೆಯ ನೀತಿಯೂ ಬೇರೆಯಲ್ಲ. ಅಲ್ಲಿ ಎಲ್ಲ ಕುಶಲ ಕೆಲಸವೂ ಕೊನೆಗೆ ತೂಕವಾಗಿ ಮುಗಿಯುವದು. ಒಬ್ಬ ಕಸಬುದಾರನು ಕೂದಲಿನಷ್ಟು ತೆಳ್ಳಗಿನ ಸುರುಳಿಯನ್ನು ತಿದ್ದಿ, ಒಂದೊಂದು ಚಕ್ರದ ಹಲ್ಲನ್ನೂ ಉಜ್ಜಿ ಹೊಳಪಿಸಿ ಮಾಡಿದ ಕೆಲಸಕ್ಕೆ ಮೂಸೆಯಿಂದ ಬಿಡುಗಡೆ ಕೊಟ್ಟವನು ಸಂಗ್ರಾಹಕನೇ ಹೊರತು ಮನೆಯ ವಾರಸುದಾರನಲ್ಲ. ಮಕ್ಕಳು ಮರೆತದ್ದನ್ನು ಅಪರಿಚಿತನು ನೆನೆದರೆ ಅವನನ್ನು ಯಾವ ಬಾಯಿಂದ ನಿಂದಿಸಬೇಕು?

ಇನ್ನು ಗಡಿಯಾರ ರಿಪೇರಿಯವನ ವಿಷಯ. ಹುಬ್ಬಳ್ಳಿಯ ದುರ್ಗದ ಬೈಲಿನಂಥ ಪೇಟೆಗಳಲ್ಲಿ ಗಾಜಿನ ಸಣ್ಣ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ಆತನ ಧರ್ಮಕ್ಕೂ ಸಂಗ್ರಾಹಕನ ಧರ್ಮಕ್ಕೂ ಹೊಂದಿಕೆಯಾಗುವದಿಲ್ಲ. ಮಾಸಿದ ಮುಖವನ್ನು ಕೆರೆದು ಹೊಸದಾಗಿ ಬಣ್ಣ ಹಾಕಿ, ಒಂದರ ಚಕ್ರವನ್ನು ಇನ್ನೊಂದಕ್ಕೆ ಕೂಡಿಸಿ ಓಡಿಸಿಕೊಟ್ಟರೆ ರಿಪೇರಿಯವನು ಪುಣ್ಯ ಮಾಡಿದೆನೆನ್ನುವನು, ಸಂಗ್ರಾಹಕನು ಕೊಲೆಯಾಯಿತೆನ್ನುವನು. ಹೀಗೆ ಬಣ್ಣ ಕಂಡ ಹಳೆಯ ಎಚ್.ಎಂ.ಟಿ., ಫಾವ್ರ್-ಲ್ಯೂಬಾಗಳಿಗೆ ವಿದೇಶದ ಸಂಗ್ರಾಹಕರು ಹಾಸ್ಯದಿಂದ ಮುಂಬಯಿ ಸ್ಪೆಶಲ್ ಎಂದು ಹೆಸರಿಟ್ಟಿದ್ದಾರೆ. ಆ ಹಾಸ್ಯದಲ್ಲಿ ನಮ್ಮ ರೀತಿಯ ಬಗ್ಗೆ ತಿಳಿವಳಿಕೆ ಸಾಲದು. ಗುಡಿಯ ಮೂರ್ತಿಯು ಭಿನ್ನವಾದರೆ ಅದನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠಿಸುವದು ನಮ್ಮಲ್ಲಿ ಅಪಚಾರವಲ್ಲ, ಜೀರ್ಣೋದ್ಧಾರ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ಹೊಲಿಯುವ ರಾಷ್ಟ್ರಧ್ವಜವನ್ನೇ ನೋಡಬಹುದು. ಹರಿದ ಧ್ವಜವನ್ನು ಕಾಪಾಡಿಟ್ಟುಕೊಳ್ಳುವದು ಗೌರವವಲ್ಲ, ಏಕಾಂತದಲ್ಲಿ ಮರ್ಯಾದೆಯಿಂದ ಸುಡುವದೇ ಗೌರವವೆಂದು ಧ್ವಜಸಂಹಿತೆಯು ಹೇಳುವದು. ವಸ್ತುವಿನ ಮಾನವು ಅದರ ಕೆಲಸದಲ್ಲಿದೆಯೆಂದು ನಂಬಿದವರಿಗೆ ಹೊಸ ಬಣ್ಣವು ಪಾಪವಲ್ಲ. ಪಾಪವಾಗುವದು ಆ ಬಣ್ಣವನ್ನು ಮುಚ್ಚಿಟ್ಟು ಕಾರಖಾನೆಯ ಮೂಲ ಮುಖವೆಂದು ಮಾರಿದಾಗ. ಎರಡು ಧರ್ಮಗಳಲ್ಲಿ ಯಾವದು ಮೇಲೆಂಬ ಚರ್ಚೆಯು ಇರಲಿ, ಸುಳ್ಳಿಗೆ ಎರಡರಲ್ಲಿಯೂ ಎಡೆಯಿಲ್ಲ.

ಹೀಗಿದ್ದಲ್ಲಿ ಕಟ್ಟಿದ ಗಡಿಯಾರಕ್ಕೆ ಸಂಗ್ರಾಹಕರು ಎಂದೂ ಬೆಲೆ ಕೊಡುವದಿಲ್ಲವೇ? ಕೊಡುವರು, ಕಟ್ಟಿದವನು ಪ್ರಸಿದ್ಧನಾಗಿದ್ದರೆ. ಅಮೇರಿಕೆಯ ನಟ ಪಾಲ್ ನ್ಯೂಮನ್ನನು ಧರಿಸುತ್ತಿದ್ದ ಉಕ್ಕಿನ ರೋಲೆಕ್ಸ್ ಗಡಿಯಾರವು 2017ರಲ್ಲಿ ನ್ಯೂಯಾರ್ಕಿನ ಲಿಲಾವಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರುಗಳನ್ನು ಮುಟ್ಟಿತು. ಮೋಟಾರು ಪಂದ್ಯಗಳ ಹುಚ್ಚಿದ್ದ ಗಂಡನಿಗೆ ಜೋಪಾನವಾಗಿ ಓಡಿಸೆಂದು ಹೆಂಡತಿಯು ಅದರ ಬೆನ್ನಿಗೆ ಕೆತ್ತಿಸಿದ್ದಳು. ಒಬ್ಬ ಹೆಂಡತಿಯ ಕಳವಳಕ್ಕೆ ಅಷ್ಟು ಬೆಲೆ ಬಂದಿತೆಂದು ಸಂತೋಷಪಡಬಹುದು. ಆದರೆ ಅಂಥದೇ ಕಳವಳವು ಬೇರೆ ಎಷ್ಟು ಮನೆಗಳ ವಸ್ತುಗಳಲ್ಲಿ ಯಾರ ಗಣನೆಗೂ ಬಾರದೆ ಉಳಿದಿದೆಯೆಂಬ ವಿಚಾರವು ಅದರ ಬೆನ್ನಿಗೇ ಬರುವದು.

ಇದಕ್ಕಿಂತಲೂ ಕಠಿಣವಾದ ಉದಾಹರಣೆಯು ಮಹಾತ್ಮಾ ಗಾಂಧಿಯವರದು. ಅಪರಿಗ್ರಹವನ್ನು ವ್ರತವಾಗಿ ಹಿಡಿದ ಅವರ ಬಳಿ ಉಳಿದಿದ್ದ ಕೆಲವೇ ವಸ್ತುಗಳಲ್ಲಿ ಗಡಿಯಾರವು ಒಂದು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರಾಗಿದ್ದಾಗ ಈ ಭಾಗದ ಸಾವಿರಾರು ಜನ ಅವರನ್ನು ಕಣ್ಣಾರೆ ಕಂಡಿದ್ದರು. ಅವರ ಸೊಂಟಕ್ಕೆ ತೂಗುಬಿಟ್ಟಿದ್ದ ಗಡಿಯಾರವು ಭೂಷಣವಾಗಿರಲಿಲ್ಲ. ಪ್ರತಿ ನಿಮಿಷವೂ ಲೋಕದ ಋಣವೆಂದು ಬಗೆದವನ ಲೆಕ್ಕದ ಪುಸ್ತಕವಾಗಿತ್ತು. 1948ರ ಜನವರಿ 30ರ ಸಂಜೆ ಪ್ರಾರ್ಥನೆಗೆ ಕೆಲವು ನಿಮಿಷ ತಡವಾಯಿತೆಂದು ಬೇಸರಪಡುತ್ತಲೇ ಅವರು ನಡೆದರು. ಅವರದೊಂದು ಝೆನಿತ್ ಕಂಪನಿಯ ಬೆಳ್ಳಿಯ ಕಿಸೆಗಡಿಯಾರವು ಆಭಾ ಗಾಂಧಿಯವರ ಕೈಸೇರಿ, ಕೊನೆಗೆ ಕನ್ನಡಕ, ಚಪ್ಪಲಿ, ಬಟ್ಟಲು, ತಾಟುಗಳೊಡನೆ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಲಿಲಾವಿಗೆ ನಿಂತಿತು. ಲಿಲಾವನ್ನು ತಡೆಯಲು ನವಜೀವನ ಟ್ರಸ್ಟಿನವರು ದಿಲ್ಲಿಯ ಹೈಕೋರ್ಟಿಗೆ ಹೋದರು. ಒಡೆಯನೇ ಕೊನೆಯ ಗಳಿಗೆಯಲ್ಲಿ ಹಿಂದೆಗೆಯಲು ಬಯಸಿದನು. ಆದರೂ ಕೂಗು ನಿಲ್ಲಲಿಲ್ಲ. ಹದಿನೆಂಟು ಲಕ್ಷ ಡಾಲರುಗಳಿಗೆ ಅವನ್ನು ಕೂಗಿಕೊಂಡವರು ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯ. ಪಾನನಿಷೇಧಕ್ಕಾಗಿ ಜೀವ ಸವೆಸಿದವರ ತಾಟನ್ನು ಮದ್ಯದ ಹಣವು ಬಿಡಿಸಿತೆಂಬ ವಿಪರ್ಯಾಸವನ್ನು ಆಗ ಎಲ್ಲರೂ ಆಡಿದರು. ಅದು ದೊಡ್ಡದಲ್ಲ. ದೊಡ್ಡ ಪ್ರಶ್ನವೆಂದರೆ, ಸ್ವಂತವೆಂಬುದನ್ನೇ ಬಿಟ್ಟವನ ವಸ್ತುವಿಗೆ ಆ ಬಿಟ್ಟದ್ದರಿಂದಲೇ ಬೆಲೆ ಬಂದಿತು. ಅವರ ಬಳಿ ಗಾಡಿಗಟ್ಟಲೆ ವಸ್ತುಗಳಿದ್ದಿದ್ದರೆ ಒಂದು ತಾಟಿಗೆ ಅಷ್ಟು ಹಣವನ್ನು ಯಾರು ಕೊಡುತ್ತಿದ್ದರು? ತ್ಯಾಗವೂ ಒಂದು ವಿರಳತೆಯಾಗಿ ಪೇಟೆಯಲ್ಲಿ ನಿಂತುಬಿಟ್ಟಿತು. ಪೇಟೆಗೆ ಗೊತ್ತಿರುವ ಅಳತೆಗೋಲು ಅದೊಂದೇ. ಅದನ್ನು ಬೈದು ಫಲವಿಲ್ಲ, ಅದನ್ನೇ ಮನೆಯೊಳಗಿನ ಅಳತೆಗೋಲಾಗಿ ತಂದಿಟ್ಟುಕೊಳ್ಳದಿದ್ದರೆ ಸಾಕು.

ಮಾಳಮಡ್ಡಿಯ ಆ ಮನೆಯಲ್ಲಿ ಈ ಅಳತೆಗೋಲು ಒಳಗೆ ಬಂದಿತೆನ್ನೋಣ. ನಿನ್ನೆಯ ತನಕ ಸೋನಾ ಯಾರಿಗೂ ಬೇಡವಾಗಿತ್ತು. ಮೊತ್ತವು ಕಿವಿಗೆ ಬಿದ್ದ ಮೇಲೆ ಹಿರಿಯ ಮಗನಿಗೆ ಅದು ಪಿತೃಸ್ಮಾರಕವಾಗಿ ತೋರತೊಡಗಿತು; ಕಿರಿಯವನು ಮಾರಿ ಹಂಚೋಣವೆಂದನು. ತೌರಿಗೆ ಬಂದ ಮಗಳು ಸೋನಾವನ್ನು ಕೇಳದೆ ಗಾಜು ಮಬ್ಬಾದ ಜನತಾವನ್ನು ಕೇಳಿದಳು. ಅದರಲ್ಲೇನಿದೆಯೆಂದು ಅಣ್ಣಂದಿರು ನಕ್ಕು ಕೊಟ್ಟುಬಿಟ್ಟರು. ಮೂವರಲ್ಲಿ ಪಾಲು ಯಾರಿಗೆ ಹೆಚ್ಚು ಬಂದಿತೆಂಬದನ್ನು ವಾಚಕರೇ ಎಣಿಸಲಿ. ಸೋನಾವನ್ನು ಮಾರುವದರಲ್ಲಿ ತಪ್ಪೇನೂ ಇಲ್ಲ. ಕೊಟ್ಟವರೂ ಕಟ್ಟಿದವನೂ ಹೋದ ಮೇಲೆ, ಅದನ್ನು ತಿಳಿದು ಪ್ರೀತಿಸುವವನ ಕೈಗೆ ಸೇರುವದು ಟ್ರಂಕಿನಲ್ಲಿ ಕೊಳೆಯುವದಕ್ಕಿಂತ ಲೇಸು. ಓಡಿಸದೆ ಇಟ್ಟ ಯಂತ್ರದ ಎಣ್ಣೆಯು ಒಣಗಿ ಅಂಟಾಗಿ ಚಕ್ರಗಳನ್ನು ಹಿಡಿದುಕೊಳ್ಳುವದು. ತಪ್ಪಾಗುವದು, ಪೇಟೆಯು ಸೋನಾಕ್ಕೆ ಬೆಲೆ ಕಟ್ಟಿ ಜನತಾಕ್ಕೆ ಕಟ್ಟದಿದ್ದಾಗ ಮಕ್ಕಳೂ ಅದೇ ಕ್ರಮದಲ್ಲಿ ತಂದೆಯ ಬಾಳನ್ನು ಎಣಿಸಿದರೆ. ಹೊಳೆದ ನಾಲ್ಕು ದಿನಗಳನ್ನು ನೆನೆದು ನಡೆದ ಮೂವತ್ತು ವರುಷಗಳನ್ನು ಮರೆತರೆ.

ಮಾರುವಾಗ ಒಂದು ಕೆಲಸವನ್ನು ಮಾತ್ರ ಮಾಡಬಹುದು. ಡಬ್ಬಿ ಮತ್ತು ಕಾಗದ ಇದ್ದ ಗಡಿಯಾರಕ್ಕೆ ಸಂಗ್ರಾಹಕರು ಹೆಚ್ಚು ಕೊಡುವರು. ಆ ಕಾಗದದಲ್ಲಿ ಕಾರಖಾನೆಯ ಸಂಖ್ಯೆ, ಅಂಗಡಿಯ ಮೊಹರು, ಕೊಂಡ ತಾರೀಖು ಇಷ್ಟೇ ಇರುವವು. ಅದರೊಡನೆ ಮನೆಯವರು ತಮ್ಮ ಕೈಬರಹದ ಇನ್ನೊಂದು ಕಾಗದವನ್ನು ಮಡಿಚಿ ಇಡಲಿ: ಯಾವ ಊರಿನ ಯಾರ ಮದುವೆಯಲ್ಲಿ ಇದು ಬಂದಿತು, ಯಾವ ಹಬ್ಬಗಳಲ್ಲಿ ಇದನ್ನು ಕಟ್ಟಿದರು, ಉಳಿದ ದಿನಗಳಲ್ಲಿ ಏಕೆ ಕಟ್ಟಲಿಲ್ಲ, ಇದರ ಸಾಲವು ಹೆಣ್ಣಿನ ತಂದೆಗೆ ಯಾವ ವರುಷ ತೀರಿತು.